ಇಂಗ್ಲಿಷ್ ಮೇಷ್ಟ್ರು ಕಟ್ಟಿದ ಕನ್ನಡದ ಸೇತುವೆ: ಬಿ.ಎಂ.ಶ್ರೀ

ಹೋದ ತಿಂಗಳು ನಮ್ಮ ಕನ್ನಡ ಬಳಗದ ಕವಿಗೋಷ್ಠಿ ಕಾಲೇಜಿನ ಸೆಮಿನಾರ್ ಹಾಲಿನಲ್ಲಿ ನಡೆಯಲಿಲ್ಲ. ಬಳಗದ ಗೆಳೆಯನೊಬ್ಬನ ಮನೆ ಇರುವುದು ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ. ಭಾನುವಾರ ಎಲ್ಲರೂ ಅಲ್ಲಿಗೇ ಹೋದೆವು. ಅವರ ಮನೆಯಲ್ಲಿ ರೊಟ್ಟಿ, ಎಣಗಾಯಿ ಊಟ ಮುಗಿಸಿ, ಸಂಜೆ ತುಂಗಭದ್ರೆಯ ದಂಡೆಗೆ ಬಂದು ಕೂತೆವು. ಈಚೆ ದಡ ಕುಮಾರಪಟ್ಟಣ, ಆಚೆ ದಡ ಹರಿಹರ. ಹಿಂದೆ ಕಾರ್ಖಾನೆಯ ಚಿಮಣಿ, ಮುಂದೆ ಹೊಳೆ.

ಮೂರನೆಯವನಾಗಿ ಓದಿದ್ದು ನಮ್ಮ ಆ ಗೆಳೆಯನೇ. ಎರಡನೇ ವರ್ಷದ ಹುಡುಗ, ಮೊದಲ ಸಲ ಪದ್ಯ ಬರೆದು ತಂದಿದ್ದ. ರಾತ್ರಿ ಪಾಳಿ ಮುಗಿಸಿ ಬೆಳಗಿನ ಜಾವ ಮನೆಗೆ ಬರುವ ಅಪ್ಪನ ಬಗ್ಗೆ ಇದ್ದ ಪದ್ಯ. ಎರಡನೇ ಚರಣಕ್ಕೆ ಬರುವಷ್ಟರಲ್ಲಿ ಹಿಂದಿನಿಂದ ಯಾರೋ ಇದು ಕಾಪಿ ಪೇಸ್ಟ್ ಅಂತ ಕೂಗಿದರು. ಒಂದಿಷ್ಟು ಮಂದಿ ನಕ್ಕೂ ಬಿಟ್ಟೆವು. ನಿಜ ಹೇಳಬೇಕೆಂದರೆ ಕೂಗಿದ್ದರಲ್ಲಿ ಪೂರ್ತಿ ಸುಳ್ಳೇನೂ ಇರಲಿಲ್ಲ. ನಮಗೆಲ್ಲ ಬಾಯಿಪಾಠ ಇರುವ ಒಂದು ಭಾವಗೀತೆಯ ನಡೆ, ಅದರದೇ ಪ್ರಾಸ, ಅದರದೇ ಸಾಲುಗಳ ಉದ್ದ ಆ ಪದ್ಯದಲ್ಲಿ ಎದ್ದು ಕಾಣುತ್ತಿತ್ತು. ವಿಷಯ ಮಾತ್ರ ಅವನದು, ಅವನ ಮನೆಯದು. ಅವನು ಓದುವುದನ್ನು ನಿಲ್ಲಿಸಿ, ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗೆ ಹಾಕಿಕೊಂಡ. ಇನ್ನು ಇದರ ಸಹವಾಸ ಬೇಡ ಅಂದುಬಿಟ್ಟ.

ವಾಪಸ್ ಬರುವಾಗ ಬಸ್ಸಿನಲ್ಲಿ ನಮಗೆ ಯಾರಿಗೂ ಸಮಾಧಾನ ಇರಲಿಲ್ಲ. ಇನ್ನೊಬ್ಬರ ಪದ್ಯವನ್ನು ಎದುರಿಗೆ ಇಟ್ಟುಕೊಂಡು ನಮ್ಮ ಪದ್ಯ ಬರೆದರೆ ಅದು ಕಳ್ಳತನವೋ, ಕಲಿಕೆಯೋ? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನಮಗೆ ಸಿಕ್ಕವರು ಬಿ.ಎಂ. ಶ್ರೀಕಂಠಯ್ಯ. ಪಿಯುಸಿ ಪಠ್ಯದಲ್ಲಿ ಕವಿ ಪರಿಚಯ ಅಂತ ನಾಲ್ಕು ಸಾಲು ಓದಿ ಎರಡು ಅಂಕ ತೆಗೆದುಕೊಂಡು ನಾವು ಮರೆತುಬಿಟ್ಟ ಹೆಸರು. ಈ ಸಲ ಸ್ವಲ್ಪ ನಿಧಾನವಾಗಿ ಓದಿದೆವು. ಹಾಗೆ ಓದಿ ತಿಳಿದದ್ದನ್ನು ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇವೆ.

ವಕೀಲರ ಮಗ, ಇಂಗ್ಲಿಷ್ ಮೇಷ್ಟ್ರು

ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯ ಹುಟ್ಟಿದ್ದು 1884ರ ಜನವರಿ 3ರಂದು, ಈಗಿನ ತುಮಕೂರು ಜಿಲ್ಲೆಯ ಸಂಪಿಗೆ ಎಂಬ ಊರಿನಲ್ಲಿ. ಅದು ತಾಯಿಯ ತವರು. ಮನೆತನದ ಊರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರು. ಹುಡುಗ ಬೆಳೆದದ್ದು ಅಲ್ಲೇ, ಕಾವೇರಿಯ ದಂಡೆಯಲ್ಲಿ. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಆಮೇಲೆ ಮದರಾಸು. ಕಾನೂನು ಪದವಿಯೂ ಬಂತು, ಎಂ.ಎ. ಪದವಿಯೂ ಬಂತು. ಅಪ್ಪನ ಹಾಗೆ ಕರಿ ಕೋಟು ಹಾಕಿಕೊಂಡು ಕೋರ್ಟಿಗೆ ಹೋಗಬಹುದಿತ್ತು. ಹೋಗಲಿಲ್ಲ. 1909ರ ಸುಮಾರಿಗೆ ಮೈಸೂರಿನ ಮಹಾರಾಜ ಕಾಲೇಜಿಗೆ ಇಂಗ್ಲಿಷ್ ಅಧ್ಯಾಪಕರಾಗಿ ಸೇರಿದರು.

ಆ ಕಾಲದ ಕಾಲೇಜುಗಳನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಪಾಠವೆಲ್ಲ ಇಂಗ್ಲಿಷಿನಲ್ಲಿ. ಓದಿದವರು ಪತ್ರ ಬರೆಯುವುದು ಇಂಗ್ಲಿಷಿನಲ್ಲಿ, ಚರ್ಚೆ ಮಾಡುವುದು ಇಂಗ್ಲಿಷಿನಲ್ಲಿ. ಕವಿತೆ ಬರೆಯಬೇಕು ಅನ್ನಿಸಿದ ಹುಡುಗರೂ ಇಂಗ್ಲಿಷಿನಲ್ಲೇ ಬರೆಯುತ್ತಿದ್ದರು. ಕುವೆಂಪು ಅವರ ಮೊದಲ ಪುಸ್ತಕವೇ ಇಂಗ್ಲಿಷ್ ಕವಿತೆಗಳದ್ದು, 1922ರಲ್ಲಿ ಬಂದದ್ದು. ಕನ್ನಡದಲ್ಲಿ ಪದ್ಯ ಅಂದರೆ ಪಂಪ, ರನ್ನ, ಕುಮಾರವ್ಯಾಸ, ಲಕ್ಷ್ಮೀಶ. ಅವೆಲ್ಲ ದೊಡ್ಡವು, ಆದರೆ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ತನ್ನ ಮನಸ್ಸಿನ ಬೇಗುದಿಯನ್ನೋ, ಕಂಡ ಹೂವನ್ನೋ, ಸತ್ತ ಗೆಳೆಯನನ್ನೋ ಹದಿನಾರು ಸಾಲಿನಲ್ಲಿ ಹೇಳಬೇಕು ಅಂದರೆ ಯಾವ ಅಚ್ಚಿನಲ್ಲಿ ಹೇಳಬೇಕು? ವಚನ, ಕೀರ್ತನೆ, ತ್ರಿಪದಿ ಎಲ್ಲ ನಮ್ಮಲ್ಲಿ ಇದ್ದವು. ನಮ್ಮ ಜಿಲ್ಲೆಯ ಕನಕದಾಸರು, ಸರ್ವಜ್ಞ, ಶರೀಫಜ್ಜ ಹಾಡಿ ಹೋಗಿದ್ದರು. ಕಾಲೇಜು ಓದಿದ ಹುಡುಗರು ಅದನ್ನು ತಮ್ಮ ಕಾಲದ ಕವಿತೆ ಅಂತ ಎಣಿಸುತ್ತಿರಲಿಲ್ಲ. ಅವರ ಬಾಯಲ್ಲಿ ಇದ್ದದ್ದು ವರ್ಡ್ಸ್‌ವರ್ತ್, ಶೆಲ್ಲಿ, ಕೀಟ್ಸ್.

ಶ್ರೀಕಂಠಯ್ಯನವರು ದಿನವೂ ತರಗತಿಯಲ್ಲಿ ಇದನ್ನೇ ನೋಡುತ್ತಿದ್ದರು. ತಾವೇ ಕಲಿಸುವ ಭಾಷೆ ತಮ್ಮ ಹುಡುಗರ ತಾಯ್ನುಡಿಯನ್ನು ಮೂಲೆಗೆ ತಳ್ಳುತ್ತಿದೆ ಎಂಬುದು ಅವರಿಗೆ ಗೊತ್ತಿತ್ತು. ಹಾಗಂತ ಇಂಗ್ಲಿಷನ್ನು ಬೈಯುತ್ತಾ ಕೂರಲಿಲ್ಲ. ಕೆಲಸ ಬಿಡಲೂ ಇಲ್ಲ. ಆ ಭಾಷೆಯಿಂದ ಏನನ್ನು ತಂದರೆ ಕನ್ನಡಕ್ಕೆ ಬಲ ಬರುತ್ತದೆ ಅಂತ ಯೋಚಿಸಿದರು.

ನಮ್ಮ ಹೊಳೆ ದಾಟಿ ಧಾರವಾಡಕ್ಕೆ

1911ನೇ ಇಸವಿ. ಶ್ರೀಕಂಠಯ್ಯನವರಿಗೆ ಆಗ 27 ವರ್ಷ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆ ಎಂಬ ವಿಷಯದ ಮೇಲೆ ಉಪನ್ಯಾಸ ಕೊಟ್ಟರು. ಇವತ್ತಿಗೂ ಹೊಸಗನ್ನಡದ ಚರಿತ್ರೆ ಬರೆಯುವವರು ಈ ಉಪನ್ಯಾಸವನ್ನು ಬಿಟ್ಟು ಮುಂದೆ ಹೋಗುವುದಿಲ್ಲ.

ಇಲ್ಲಿ ಸ್ವಲ್ಪ ನಿಂತು ನಮ್ಮ ಹೊಳೆಯನ್ನು ನೆನಪಿಸಿಕೊಳ್ಳಬೇಕು. ಆಗ ತುಂಗಭದ್ರೆ ಬರೀ ಹೊಳೆಯಲ್ಲ, ಗಡಿ. ಹರಿಹರ ಮೈಸೂರು ಮಹಾರಾಜರ ಸಂಸ್ಥಾನ. ಕುಮಾರಪಟ್ಟಣ, ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಎಲ್ಲ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆ. ಎರಡೂ ದಂಡೆಯ ಜನ ಆಡುವುದು ಕನ್ನಡವೇ, ಆದರೆ ಸರ್ಕಾರ ಬೇರೆ, ಶಾಲೆ ಬೇರೆ, ಪಠ್ಯ ಬೇರೆ, ಕನ್ನಡದ ಧಾಟಿಯೂ ಬೇರೆ. ನಡುವೆ ಇದ್ದದ್ದು 1868ರಲ್ಲಿ ಮುಗಿದ, ಕಮಾನುಗಳ ಹರಿಹರದ ಸೇತುವೆ. ಆಮೇಲೆ ರೈಲು ದಾರಿಯೂ ಬಂತು. ಮೈಸೂರು ಸೀಮೆಯ ಒಬ್ಬ ಇಂಗ್ಲಿಷ್ ಅಧ್ಯಾಪಕ ಈ ಗಡಿ ದಾಟಿ ಹೋಗಿ, ಕನ್ನಡ ಎಲ್ಲರದೂ ಒಂದೇ, ಅದು ತಲೆಯೆತ್ತಬೇಕು ಅಂತ ಹೇಳಿದ್ದು ಸಣ್ಣ ಮಾತಲ್ಲ. ಕರ್ನಾಟಕ ಒಂದಾಗಲು ಇನ್ನೂ 45 ವರ್ಷ ಬೇಕಿತ್ತು.

ಅವರ ವಾದದ ತಿರುಳು ಇಷ್ಟು. ಪಂಡಿತರಿಗೆ ಮಾತ್ರ ತಿಳಿಯುವ ಕನ್ನಡದಲ್ಲಿ ಬರೆದರೆ ಭಾಷೆ ಬದುಕುವುದಿಲ್ಲ. ಜನ ಆಡುವ ಕನ್ನಡಕ್ಕೆ ಹತ್ತಿರವಾದ ಹೊಸಗನ್ನಡದಲ್ಲಿ ಸಾಹಿತ್ಯ ಬರಬೇಕು. ಹಳಗನ್ನಡವನ್ನು ಬಿಡಬಾರದು, ಸಂಸ್ಕೃತವನ್ನು ದೂರ ಇಡಬಾರದು, ಇಂಗ್ಲಿಷಿನಿಂದ ಬರುವ ಹೊಸ ಗಾಳಿಗೆ ಬಾಗಿಲು ಹಾಕಬಾರದು. ಹೇಳುವುದಕ್ಕೇನೋ ಚೆನ್ನಾಗಿದೆ. ಆದರೆ ಇದನ್ನೆಲ್ಲ ಕೂಡಿಸಿ ಮಾಡಿ ತೋರಿಸುವವರು ಯಾರು? ಉಪನ್ಯಾಸ ಕೊಟ್ಟವರೇ ಕೆಲಸಕ್ಕೂ ಕೂತರು. ಒಂದು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು.

ಸ್ಕಾಟ್ಲೆಂಡಿನ ದೊರೆ ಹೆಗ್ಗಡೆಯಾದದ್ದು

ಶ್ರೀಕಂಠಯ್ಯನವರು ಹಿಡಿದ ದಾರಿ ಸರಳ. ತರಗತಿಯಲ್ಲಿ ಪಾಠ ಮಾಡುತ್ತಿದ್ದ ಇಂಗ್ಲಿಷ್ ಭಾವಗೀತೆಗಳನ್ನು ಒಂದೊಂದಾಗಿ ಕನ್ನಡಕ್ಕೆ ತಂದರು. ಈ ಕೆಲಸಕ್ಕೆ ಕೈ ಹಾಕಿದವರಲ್ಲಿ ಅವರೇ ಮೊದಲಿಗರಲ್ಲ. ಎಸ್.ಜಿ. ನರಸಿಂಹಾಚಾರ್ಯರು, ಮಂಗಳೂರಿನ ಕಡೆ ಪಂಜೆ ಮಂಗೇಶರಾಯರು, ಹಟ್ಟಿಯಂಗಡಿ ನಾರಾಯಣರಾಯರು ಆಗಲೇ ಇಂಗ್ಲಿಷ್ ಪದ್ಯಗಳನ್ನು ಕನ್ನಡಿಸಿದ್ದರು. ಮಂಜೇಶ್ವರದ ಗೋವಿಂದ ಪೈಗಳು ಆದಿಪ್ರಾಸದ ಕಟ್ಟನ್ನು ಬಿಟ್ಟು ಪದ್ಯ ಬರೆದು ಗದ್ದಲ ಎಬ್ಬಿಸಿದ್ದರು. ಶ್ರೀಕಂಠಯ್ಯನವರು ಈ ಬಿಡಿ ಪ್ರಯತ್ನಗಳನ್ನು ಒಂದು ಹೆದ್ದಾರಿ ಮಾಡಿದರು. ಬಿಡಿಬಿಡಿಯಾಗಿ ಕಾಣಿಸಿಕೊಂಡ ಅವರ ಪದ್ಯಗಳು 1926ರ ಹೊತ್ತಿಗೆ 'ಇಂಗ್ಲಿಷ್ ಗೀತಗಳು' ಎಂಬ ತುಂಬಿದ ಸಂಕಲನವಾದವು. ಅದರಲ್ಲಿ ಅರವತ್ತರಷ್ಟು ಪದ್ಯಗಳಿವೆ.

ಅವರು ಮಾಡಿದ ಕೆಲಸವನ್ನು ಎರಡು ಭಾಗ ಮಾಡಿ ನೋಡಿದರೆ ನಮ್ಮಂಥವರಿಗೆ ಬೇಗ ಅರ್ಥವಾಗುತ್ತೆ.

ಮೊದಲನೆಯದು ನೆಲ ಬದಲಿಸುವುದು. ಥಾಮಸ್ ಕ್ಯಾಂಬೆಲ್ ಎಂಬ ಕವಿಯ ಕಥನ ಪದ್ಯವೊಂದಿದೆ. ಸ್ಕಾಟ್ಲೆಂಡಿನ ದೊರೆಯೊಬ್ಬನ ಮಗಳು ಪ್ರೀತಿಸಿದವನ ಜೊತೆ ಓಡಿಹೋಗುತ್ತಾಳೆ. ಬಿರುಗಾಳಿಯಲ್ಲಿ ದೋಣಿ ಹತ್ತುತ್ತಾಳೆ. ಬೆನ್ನಟ್ಟಿ ಬಂದ ಅಪ್ಪ ದಡದಲ್ಲಿ ನಿಂತು ನೋಡುತ್ತಿದ್ದಂತೆ ಮುಳುಗುತ್ತಾಳೆ. ಕನ್ನಡದಲ್ಲಿ ಅದು 'ಕಾರಿ ಹೆಗ್ಗಡೆಯ ಮಗಳು' ಆಯಿತು. ದೊರೆ ಹೋಗಿ ಹೆಗ್ಗಡೆ ಬಂದ, ದ್ವೀಪದ ನಾಯಕ ಹೋಗಿ ಗೌಡ ಬಂದ. ರಾಬರ್ಟ್ ಬರ್ನ್ಸ್ ಸ್ಕಾಟ್ಲೆಂಡಿನ ಹಳ್ಳಿಗರ ಮೇಲೆ ಬರೆದ ಒಂದು ತಮಾಷೆಯ ಪ್ರೇಮದ ಹಾಡು 'ಮಾದ ಮಾದಿ' ಆಯಿತು. ಹೆಸರು ಓದಿದ ಕೂಡಲೇ ನಮ್ಮ ಓಣಿಯವರು ಕಣ್ಣ ಮುಂದೆ ಬರುತ್ತಾರೆ. ಅಷ್ಟರಲ್ಲೇ ಅರ್ಧ ಕೆಲಸ ಮುಗಿಯಿತು.

ಎರಡನೆಯದು ನಡೆ ಕಟ್ಟುವುದು. ಇದು ಸ್ವಲ್ಪ ತಾಂತ್ರಿಕ, ಆದರೆ ಲೆಕ್ಕ ಬರುವ ನಮಗೆ ಇದೇ ಖುಷಿ ಕೊಡುವ ಭಾಗ. ಕನ್ನಡ ಛಂದಸ್ಸಿನಲ್ಲಿ ಲಘುವಿಗೆ 1 ಮಾತ್ರೆ, ಗುರುವಿಗೆ 2 ಮಾತ್ರೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ತೆಗೆದುಕೊಳ್ಳಿ. ಆರು ಸಾಲು. 1, 2, 4, 5ನೇ ಸಾಲುಗಳಲ್ಲಿ 3+4+3+4, ಒಟ್ಟು 14 ಮಾತ್ರೆ. 3 ಮತ್ತು 6ನೇ ಸಾಲುಗಳಲ್ಲಿ 3+4 ಮೂರು ಸಲ ಬಂದು, ಕೊನೆಗೆ ಒಂದು ಗುರು, ಒಟ್ಟು 23 ಮಾತ್ರೆ. ಇದರ ಮೇಲೆ ಪ್ರತಿ ಸಾಲಿನ ಎರಡನೇ ಅಕ್ಷರ ಒಂದೇ ವ್ಯಂಜನ ಆಗಿರಬೇಕು. ಅದೇ ಆದಿಪ್ರಾಸ. ಸಾವಿರಾರು ಪದ್ಯಗಳ ಮಹಾಕಾವ್ಯ ಹಾಡಲು ಇದು ಅದ್ಭುತ ಯಂತ್ರ. ಒಂದು ನಿಟ್ಟುಸಿರನ್ನು ಹೇಳಲು ಮಾತ್ರ ದೊಡ್ಡದಾಯಿತು.

ಶ್ರೀಕಂಠಯ್ಯನವರು ಈ ಯಂತ್ರವನ್ನು ಎಸೆಯಲಿಲ್ಲ, ಬಿಚ್ಚಿದರು. ಮೂರು ಮಾತ್ರೆಯ ಗಣ, ನಾಲ್ಕರದು, ಐದರದು, ಮೂರು ನಾಲ್ಕು ಸೇರಿದ್ದು, ಈ ಬಿಡಿಭಾಗಗಳನ್ನು ಹಾಗೇ ಇಟ್ಟುಕೊಂಡರು. ಅವು ಕನ್ನಡದ ಕಿವಿಗೆ ನೂರಾರು ವರ್ಷದಿಂದ ಒಗ್ಗಿದವು. ಆದರೆ ಸಾಲು ಎಷ್ಟು ಉದ್ದ ಇರಬೇಕು, ಚರಣಕ್ಕೆ ಎಷ್ಟು ಸಾಲು, ಪ್ರಾಸ ಎಲ್ಲಿ ಬರಬೇಕು ಎಂಬುದನ್ನು ಭಾವಕ್ಕೆ ತಕ್ಕಂತೆ ಹೊಸದಾಗಿ ಜೋಡಿಸಿದರು. ಪ್ರಾಸವನ್ನು ಸಾಲಿನ ಮೊದಲಿನಿಂದ ತೆಗೆದು ಕೊನೆಗೆ ತಂದರು. ಇಂಗ್ಲಿಷ್ ಪದ್ಯದ ಲಯ ಒತ್ತಕ್ಷರದ ಮೇಲೆ ನಿಂತದ್ದು, ಅದನ್ನು ಕನ್ನಡದಲ್ಲಿ ನಕಲು ಮಾಡಲು ಹೋದರೆ ಮುಗ್ಗರಿಸುತ್ತದೆ. ಅವರು ಲಯವನ್ನು ತರ್ಜುಮೆ ಮಾಡಲಿಲ್ಲ, ಆ ಲಯ ಹುಟ್ಟಿಸುವ ಭಾವಕ್ಕೆ ಸರಿಹೊಂದುವ ಕನ್ನಡದ ನಡೆಯನ್ನು ಹುಡುಕಿದರು. ಬಿಡಿಭಾಗ ಹಳೆಯವು, ಜೋಡಣೆ ಹೊಸದು.

ಫಲ ಏನಾಯಿತು ಅನ್ನುವುದಕ್ಕೆ ಒಂದೇ ಉದಾಹರಣೆ ಸಾಕು. 1833ರಲ್ಲಿ ಜಾನ್ ಹೆನ್ರಿ ನ್ಯೂಮನ್ ಎಂಬ ಇಂಗ್ಲಿಷ್ ಪಾದ್ರಿ ಸಿಸಿಲಿಯಲ್ಲಿ ಕಾಯಿಲೆ ಬಿದ್ದು ಎದ್ದು, ಊರಿಗೆ ಮರಳುವ ಹಡಗಿನಲ್ಲಿ ಒಂದು ಪ್ರಾರ್ಥನೆ ಬರೆದ. ಗಾಂಧೀಜಿಗೂ ತುಂಬ ಪ್ರಿಯವಾಗಿದ್ದ ಪ್ರಾರ್ಥನೆ ಅದು. ಕನ್ನಡದಲ್ಲಿ ಅದೇ 'ಕರುಣಾಳು ಬಾ ಬೆಳಕೆ'. ನಮ್ಮಲ್ಲಿ ಎಷ್ಟೋ ಮಂದಿ ಶಾಲೆಯ ಪ್ರಾರ್ಥನೆಯಲ್ಲಿ ಕೈಮುಗಿದು ಇದನ್ನು ಹಾಡಿದ್ದೇವೆ. ಇದು ಅನುವಾದ ಅಂತ ಬಳಗದ ಹದಿನೆಂಟು ಜನರಲ್ಲಿ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ. ಒಂದು ಅನುವಾದಕ್ಕೆ ಇದಕ್ಕಿಂತ ದೊಡ್ಡ ಬಹುಮಾನ ಏನು ಬೇಕು ಹೇಳ್ರಿ.

ಇನ್ನೊಂದು ವಿಷಯ ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟದ್ದು. ಇಷ್ಟು ಚೆನ್ನಾಗಿ ಕನ್ನಡದ್ದೇ ಅನ್ನಿಸುವ ಹಾಗೆ ಬರೆದವರು ಪುಸ್ತಕಕ್ಕೆ ಇಟ್ಟ ಹೆಸರು ನೋಡಿ. ಇಂಗ್ಲಿಷ್ ಗೀತಗಳು. ಎಲ್ಲಿಂದ ತಂದೆ ಅನ್ನುವುದನ್ನು ರಕ್ಷಾಪುಟದ ಮೇಲೇ ಹೇಳಿಬಿಟ್ಟರು. ಮುಚ್ಚಿಡಲಿಲ್ಲ, ನಾಚಿಕೊಳ್ಳಲೂ ಇಲ್ಲ. ಸಾಲ ತಂದದ್ದನ್ನು ಸಾಲ ಅಂತ ಹೇಳಿದರೆ ಅದು ಕಳ್ಳತನ ಹೇಗಾದೀತು?

ಕಾಲೇಜು ಸಂಘಗಳೆಂಬ ಗರಡಿಮನೆ

ಈ ಪದ್ಯಗಳು ಬಂದದ್ದು ಹುಡುಗರ ಕೈಗೆ. ಅದೇ ಮುಖ್ಯ. ನಮ್ಮ ಬಳಗದಂಥದ್ದೇ ಸಂಘಗಳು ಆಗ ಕಾಲೇಜುಗಳಲ್ಲಿ ಹುಟ್ಟಿಕೊಂಡಿದ್ದವು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು 1919ರಲ್ಲಿ 'ಪ್ರಬುದ್ಧ ಕರ್ನಾಟಕ' ಪತ್ರಿಕೆ ಶುರು ಮಾಡಿದ್ದರು. ಮೈಸೂರಿನ ಮಹಾರಾಜ ಕಾಲೇಜಿನಲ್ಲೂ ಕರ್ನಾಟಕ ಸಂಘ ಇತ್ತು. ಇಂಥ ಸಭೆಗಳಲ್ಲಿ, ಪತ್ರಿಕೆಗಳಲ್ಲಿ ಶ್ರೀಕಂಠಯ್ಯನವರ ಗೀತಗಳು ಹುಡುಗರನ್ನು ತಲುಪಿದವು. ತಾವು ಇಂಗ್ಲಿಷಿನಲ್ಲಿ ಮೆಚ್ಚಿದ ಪದ್ಯವೇ ಕನ್ನಡದಲ್ಲಿ ಹಾಡಾಗಿ ಎದುರು ನಿಂತಾಗ ಹುಡುಗರಿಗೆ ಹೊಳೆದದ್ದು ಒಂದೇ. ಹೀಗೂ ಬರೆಯಬಹುದು. ಅಂದರೆ ನಾವೂ ಬರೆಯಬಹುದು.

ಬರೆದರು. ಎಳೆಯ ಕವಿಗಳ ಪದ್ಯಗಳನ್ನು ಕೂಡಿಸಿ 'ಕಿರಿಯ ಕಾಣಿಕೆ', 'ತಳಿರು' ಎಂಬ ಸಂಕಲನಗಳನ್ನು ಮೈಸೂರಿನ ಸಂಘದವರು ತಂದರು. ಹೆಸರುಗಳಲ್ಲೇ ಆಗಿನವರ ವಿನಯ, ಉತ್ಸಾಹ ಎರಡೂ ಕಾಣುತ್ತೆ. ಕುವೆಂಪು, ಪು.ತಿ. ನರಸಿಂಹಾಚಾರ್, ವಿ. ಸೀತಾರಾಮಯ್ಯ, ತೀ.ನಂ. ಶ್ರೀಕಂಠಯ್ಯ ಮೊದಲಾದವರು ಈ ಹವೆಯಲ್ಲಿ ಬೆಳೆದವರು. ಮುಂದೆ ನಾಡು ಇವರ ಗುರುವನ್ನು ಕನ್ನಡದ ಕಣ್ವ ಅಂತ ಕರೆಯಿತು. ಶಕುಂತಲೆಯನ್ನು ಹೆತ್ತವನಲ್ಲ, ಆದರೆ ಸಾಕಿ ಬೆಳೆಸಿದವನು ಕಣ್ವ. ಆ ಹೆಸರು ಎಷ್ಟು ಸರಿ ನೋಡಿ.

ಕುವೆಂಪು ಅವರನ್ನೇ ತೆಗೆದುಕೊಳ್ಳೋಣ. ಅವರು ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ತಿರುಗಿದ್ದರ ಹಿಂದೆ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರ ಬುದ್ಧಿವಾದವೂ ಇತ್ತು ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. ತಿರುಗಿದ ಮೇಲೆ ನಡೆಯಲು ದಾರಿ ಬೇಕಲ್ಲ, ಆ ದಾರಿ ಆಗಲೇ ಸಿದ್ಧವಾಗಿತ್ತು. ರಾಬರ್ಟ್ ಬ್ರೌನಿಂಗ್ ಜರ್ಮನಿಯ ಹ್ಯಾಮೆಲಿನ್ ಊರಿನ ಇಲಿ ಕಾಟದ ಕಥೆಯನ್ನು ಪದ್ಯ ಮಾಡಿದ್ದ. ಕುವೆಂಪು ಅದನ್ನು 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಮಾಡಿದರು. ಊರು ಬೊಮ್ಮನಹಳ್ಳಿ, ಹೊಳೆ ತುಂಗೆ, ಕೊಳಲೂದುವವನು ಕಿಂದರಿ ಹಿಡಿದ ಜೋಗಿ. ಆ ಪದ್ಯ ಓದುವ ಯಾವ ಮಗುವಿಗೂ ಜರ್ಮನಿ ನೆನಪಾಗುವುದಿಲ್ಲ. ಆ ತುಂಗೆಯೇ ಕೂಡಲಿಯಲ್ಲಿ ಭದ್ರೆಯನ್ನು ಸೇರಿ, ತುಂಗಭದ್ರೆಯಾಗಿ ಕುಮಾರಪಟ್ಟಣಕ್ಕೆ ಬರುವುದು. ಅವತ್ತು ಸಂಜೆ ನಾವು ಕಾಲು ಇಳಿಬಿಟ್ಟು ಕೂತಿದ್ದು ಆ ನೀರಿನಲ್ಲೇ. ಒಂದು ಕಾಪಿ ಪದ್ಯ ಅಂತ ನಕ್ಕೆವಲ್ಲ, ನಮ್ಮ ಕಾಲ ಕೆಳಗೇ ಉತ್ತರ ಹರಿಯುತ್ತಿತ್ತು.

ಅದೇ ಕುವೆಂಪು ಮುಂದೆ 'ಶ್ರೀ ರಾಮಾಯಣ ದರ್ಶನಂ' ಬರೆದರು. ಅಲ್ಲಿ ಬ್ರೌನಿಂಗ್ ಇಲ್ಲ, ಇಂಗ್ಲಿಷ್ ಗೀತಗಳ ಅಚ್ಚೂ ಇಲ್ಲ. ಶಿಷ್ಯ ಗುರುವನ್ನು ದಾಟಿ ಹೋಗಿದ್ದರು. ಗುರುವಿಗೆ ಬೇಕಾಗಿದ್ದೂ ಅದೇ.

ಪದ್ಯದಿಂದ ಆಚೆಗೆ

ಶ್ರೀಕಂಠಯ್ಯನವರು ಪದ್ಯ ಬರೆದು ಸುಮ್ಮನೆ ಕೂತವರಲ್ಲ. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಶುರುವಾದದ್ದು 1927ರಲ್ಲಿ, ಅದರ ಹಿಂದೆ ಇದ್ದ ಒತ್ತಾಸೆ ಅವರದು. ಆ ಹೊತ್ತಿಗೆ ಅವರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್. ಮೊದಲ ತಂಡದಲ್ಲಿ ಕುವೆಂಪು, ಡಿ.ಎಲ್. ನರಸಿಂಹಾಚಾರ್ ಇದ್ದರು. 1928ರಲ್ಲಿ ಕಲಬುರಗಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಶ್ರೀಕಂಠಯ್ಯನವರು ಅಧ್ಯಕ್ಷರಾದರು. ಆಗ ಕಲಬುರಗಿ ನಿಜಾಮರ ಆಳ್ವಿಕೆಯಲ್ಲಿತ್ತು. ಮುಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾದರು. 1938ರಲ್ಲಿ ಮೈಸೂರು ಅರಸರಿಂದ ರಾಜಸೇವಾಸಕ್ತ ಬಿರುದು ಬಂತು. ನಮ್ಮ ಇಂಜಿನಿಯರುಗಳ ಹೆಮ್ಮೆಯ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1915ರಲ್ಲಿ ಶುರುವಾದ ಕನ್ನಡ ಸಾಹಿತ್ಯ ಪರಿಷತ್ತಿಗೆ ಇವರು ಉಪಾಧ್ಯಕ್ಷರಾಗಿ ದುಡಿದರು. ಊರೂರು ಸುತ್ತಿ ಕನ್ನಡದ ಮೇಲೆ ಮಾತಾಡಿದರು.

ನಾಟಕದಲ್ಲೂ ಅವರ ದಾರಿ ಅದೇ. ಹತ್ತನೇ ಶತಮಾನದ ರನ್ನನ ಗದಾಯುದ್ಧ ಕಾವ್ಯವನ್ನು ಎದುರಿಗಿಟ್ಟುಕೊಂಡು, ಅದರ ಪದ್ಯಗಳನ್ನೇ ಆರಿಸಿ ಜೋಡಿಸಿ 'ಗದಾಯುದ್ಧ ನಾಟಕಂ' ಮಾಡಿದರು. ದುರ್ಯೋಧನ ಅಲ್ಲಿ ಗ್ರೀಕ್ ದುರಂತ ನಾಟಕದ ನಾಯಕನ ಹಾಗೆ ಕಾಣುತ್ತಾನೆ. ಸೋಫೋಕ್ಲಿಸನ ಏಜಾಕ್ಸ್ ನಾಟಕವನ್ನು ಮಹಾಭಾರತಕ್ಕೆ ಕಸಿ ಮಾಡಿ 1929ರಲ್ಲಿ 'ಅಶ್ವತ್ಥಾಮನ್' ಬರೆದರು. ನಮ್ಮ ಪುರಾಣದಲ್ಲಿ ಚಿರಂಜೀವಿಯಾದ ಅಶ್ವತ್ಥಾಮ ಈ ನಾಟಕದಲ್ಲಿ ಸಾಯುತ್ತಾನೆ. ಇದು ಸರಿಯಲ್ಲ ಅಂತ ಆಕ್ಷೇಪಣೆಗಳು ಬಂದವು. ಇರುವ ಕೃತಿಯನ್ನು ಮುಟ್ಟುವವನಿಗೆ ಈ ಅಪಾಯ ಯಾವತ್ತೂ ಇದ್ದದ್ದೇ. ಹೆಚ್ಚು ಬದಲಿಸಿದರೆ ಅಪಚಾರ, ಬದಲಿಸದಿದ್ದರೆ ನಕಲು.

ಈ ಕೆಲಸಕ್ಕೆ ಅವರು ಬೆಲೆಯನ್ನೂ ತೆತ್ತರು. ಸ್ವಂತ ಕವಿತೆಗಳು ಕಡಿಮೆ. 'ಹೊಂಗನಸುಗಳು' ಎಂಬ ಸಂಕಲನ ಬಂದದ್ದು 1943ರಲ್ಲಿ, ಅರವತ್ತರ ಹತ್ತಿರ. ಇವತ್ತು ಜನರ ನೆನಪಿನಲ್ಲಿ ಉಳಿದಿರುವುದು ಅವರ ಸ್ವಂತ ಕವಿತೆಗಳಿಗಿಂತ ಅನುವಾದಗಳೇ. ಮನೆಯಲ್ಲೂ ಸುಖ ಕಡಿಮೆ. ಹೆಂಡತಿ ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು, ಮತ್ತೆ ಮದುವೆಯಾಗಲಿಲ್ಲ. ಅವರ ದಿನಗಳು ಶಿಷ್ಯರು, ಪುಸ್ತಕ, ಸಭೆ ಇವುಗಳ ನಡುವೆ ಕಳೆದವು. ಅವರ ಗೀತಗಳಲ್ಲಿ ಸಾವು, ಅಗಲಿಕೆ, ನೀರಿಗೆ ಬಿದ್ದ ನತದೃಷ್ಟ ಹೆಣ್ಣಿನ ಮೇಲಿನ ಕರುಣೆ ಇವೆಲ್ಲ ಅಷ್ಟು ನಿಜವಾಗಿ ಕೇಳಿಸುವುದನ್ನು ನೋಡಿದರೆ, ಯಾವ ಪದ್ಯವನ್ನು ಅನುವಾದಕ್ಕೆ ಆರಿಸಿಕೊಳ್ಳುತ್ತೇವೆ ಎಂಬುದರಲ್ಲೂ ನಮ್ಮ ಬಾಳು ಇಣುಕುತ್ತದೆ ಅಂತ ನಮಗೆ ಅನ್ನಿಸುತ್ತದೆ. 1941ರಲ್ಲಿ ಶಿಷ್ಯರು, ಗೆಳೆಯರು ಸೇರಿ 'ಸಂಭಾವನೆ' ಎಂಬ ಗ್ರಂಥವನ್ನು ಅವರಿಗೆ ಒಪ್ಪಿಸಿದರು. ಮೇಷ್ಟ್ರೊಬ್ಬರಿಗೆ ಶಿಷ್ಯರು ಕೊಡಬಹುದಾದ ಗುರುದಕ್ಷಿಣೆ ಅದಕ್ಕಿಂತ ಬೇರೆ ಏನಿದೆ?

ಮತ್ತೆ ಹೊಳೆ ದಾಟಿದರು

ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ ಬೆಂಗಳೂರಿನಲ್ಲಿ ಆರಾಮಾಗಿ ಇರಬಹುದಿತ್ತು. 1944ರಲ್ಲಿ ಧಾರವಾಡದ ಕೆ.ಇ. ಬೋರ್ಡಿನ ಕಾಲೇಜಿಗೆ ಪ್ರಾಂಶುಪಾಲರಾಗಿ ಹೋದರು. 27ನೇ ವಯಸ್ಸಿನಲ್ಲಿ ಭಾಷಣ ಮಾಡಲು ಹೋದ ಊರಿಗೆ 60ನೇ ವಯಸ್ಸಿನಲ್ಲಿ ಬಾಳಲು ಹೋದರು. ಗಡಿ ಇನ್ನೂ ಗಡಿಯಾಗಿಯೇ ಇತ್ತು. 1946ರ ಜನವರಿ 5ರಂದು, 62 ತುಂಬಿ ಎರಡೇ ದಿನಕ್ಕೆ, ಧಾರವಾಡದಲ್ಲೇ ತೀರಿಕೊಂಡರು. ಸ್ವಾತಂತ್ರ್ಯವನ್ನೂ ನೋಡಲಿಲ್ಲ, ಎರಡು ದಂಡೆ ಒಂದೇ ರಾಜ್ಯ ಆದದ್ದನ್ನೂ ನೋಡಲಿಲ್ಲ.

ಅವರು ಹಾಕಿದ ದಾರಿಯನ್ನು ಮುಂದಿನವರು ಪ್ರಶ್ನಿಸಿದರು, ಬದಲಿಸಿದರು. 1950ರ ಹೊತ್ತಿಗೆ ಗೋಪಾಲಕೃಷ್ಣ ಅಡಿಗರಂಥವರಿಗೆ ಆ ಹಾಡಿನ ನಡೆ, ಆ ಅಂತ್ಯಪ್ರಾಸ ಸಾಲದಾಯಿತು. ನವ್ಯ ಕಾವ್ಯ ಬಂತು. ನಮ್ಮ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರೂ ಇಂಗ್ಲಿಷ್ ಮೇಷ್ಟ್ರೇ, ಕನ್ನಡ ಕವಿಯೇ. ರಾಣೆಬೆನ್ನೂರಿನಲ್ಲಿ 1923ರಲ್ಲಿ ಹುಟ್ಟಿದ ಸು.ರಂ. ಎಕ್ಕುಂಡಿಯವರು ಉತ್ತರ ಕನ್ನಡದ ಬಂಕಿಕೊಡ್ಲದಲ್ಲಿ ಹೈಸ್ಕೂಲ್ ಮಾಸ್ತರರಾಗಿದ್ದುಕೊಂಡು ಕಥನ ಕವನಗಳನ್ನು ಬರೆದರು. 'ಬಕುಲದ ಹೂವುಗಳು' ಸಂಕಲನಕ್ಕೆ 1992ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಳೆಯ ಕಥೆಗಳನ್ನೇ ಎತ್ತಿಕೊಂಡು ಹೊಸದಾಗಿ ಹೇಳುವುದರಲ್ಲಿ ಅವರದು ಎತ್ತಿದ ಕೈ. ಮೇಷ್ಟ್ರಾಗಿ ಕವಿತೆ ಬರೆಯುವುದು, ಇದ್ದದ್ದನ್ನು ಹಿಡಿದು ಹೊಸದಕ್ಕೆ ಹೋಗುವುದು ನಮ್ಮ ಸೀಮೆಗೆ ಹೊಸದೇನಲ್ಲ.

ನಾವು ಕಲಿತದ್ದು

ಹರಿಹರದ ಹಳೆಯ ಸೇತುವೆಯ ಮಾತು ಮೇಲೆ ಬಂತಲ್ಲ. ಕಮಾನು ಕಟ್ಟುವುದು ಹೇಗೆ ಅಂತ ನಮ್ಮ ಸಿವಿಲ್ ಗೆಳೆಯರನ್ನು ಕೇಳಿ. ಮೊದಲು ಸೆಂಟ್ರಿಂಗ್ ಹಾಕಬೇಕು. ಅದರ ಮೇಲೆ ಒಂದೊಂದೇ ಕಲ್ಲು ಕೂರಿಸಿ, ನೆತ್ತಿಯ ಕಲ್ಲು ಬಿಗಿದು, ಗಾರೆ ಗಟ್ಟಿಯಾಗುವ ತನಕ ಕಾಯಬೇಕು. ಆಮೇಲೆ ಸೆಂಟ್ರಿಂಗ್ ಬಿಚ್ಚಬೇಕು. ಬೇಗ ಬಿಚ್ಚಿದರೆ ಕುಸಿಯುತ್ತದೆ. ಬಿಚ್ಚದೇ ಹಾಗೇ ಬಿಟ್ಟರೆ ಕಮಾನು ತನ್ನ ಕಾಲ ಮೇಲೆ ನಿಂತಿದೆಯೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ.

ಮೊದಲ ಪದ್ಯ ಬರೆಯುವವನಿಗೆ ಇನ್ನೊಬ್ಬರ ಪದ್ಯವೇ ಸೆಂಟ್ರಿಂಗ್. ಶ್ರೀಕಂಠಯ್ಯನವರು ಒಂದು ಇಡೀ ಪೀಳಿಗೆಗೆ ಅದನ್ನು ಹಾಕಿಕೊಟ್ಟರು. ಅವರ ಶಿಷ್ಯರು ಕಟ್ಟಿ ಮುಗಿಸಿ ಅದನ್ನು ಬಿಚ್ಚಿದರು. ಇದರಲ್ಲಿ ತಪ್ಪು ಆಗುವುದು ಎರಡೇ ಕಡೆ. ಎಲ್ಲಿಂದ ತಂದೆ ಅನ್ನುವುದನ್ನು ಮುಚ್ಚಿಟ್ಟಾಗ, ಮತ್ತು ಬಿಚ್ಚುವ ಕಾಲ ಬಂದರೂ ಬಿಚ್ಚದೇ ಇದ್ದಾಗ.

ನಮ್ಮ ಗೆಳೆಯನ ಹತ್ತಿರ ನಾವು ಹೋದೆವು. ಮೊದಲು ನಕ್ಕಿದ್ದಕ್ಕೆ ತಪ್ಪಾಯ್ತು ಅಂದೆವು. ಆಮೇಲೆ ಈ ಮೇಷ್ಟ್ರ ಕಥೆ ಹೇಳಿದೆವು. ಮಡಿಕೆ ಬಿದ್ದ ಹಾಳೆ ಇನ್ನೂ ಅವನ ಬ್ಯಾಗಿನಲ್ಲೇ ಇತ್ತು. ಎಲ್ಲರೂ ಕೂತು ಮಾತ್ರೆ ಎಣಿಸಿದೆವು. ಮೊದಲ ಎರಡು ಚರಣ ಆ ಭಾವಗೀತೆಯ ಲೆಕ್ಕಕ್ಕೆ ಸರಿಯಾಗಿ ಕೂತಿದ್ದವು. ನಾವು ಅವತ್ತು ಕೇಳದೇ ಹೋದ ಮೂರನೇ ಚರಣದಲ್ಲಿ ಲೆಕ್ಕ ತಪ್ಪಿತ್ತು. ಪಾಳಿ ಬದಲಾಗುವ ಸೈರನ್ ಕೂಗುವ ಜಾಗ ಅದು. ಅಪ್ಪ ಬಾಗಿಲ ಹತ್ತಿರ ಸೈಕಲ್ ನಿಲ್ಲಿಸುವಲ್ಲಿ ಸಾಲು ಅರ್ಧಕ್ಕೇ ನಿಂತುಬಿಟ್ಟಿತ್ತು. ಅವನು ಅದನ್ನು ತಪ್ಪು ಅಂದುಕೊಂಡು ತಿದ್ದಲು ಹೊರಟಿದ್ದ. ನಾವು ಬೇಡ ಅಂದೆವು. ಆ ಪದ್ಯದಲ್ಲಿ ಪೂರ್ತಿ ಅವನದೇ ಆದ ಜಾಗ ಅಂದರೆ ಅದೊಂದೇ.

ಈಗ ಅವನು ಮೊದಲ ಎರಡು ಚರಣಗಳನ್ನು ಮೂರನೆಯದರ ದಾರಿಗೆ ತರುತ್ತಿದ್ದಾನೆ. ಮುಂದಿನ ಸಂಚಿಕೆಯಲ್ಲಿ ಆ ಪದ್ಯ ನಿಮ್ಮ ಮುಂದೆ ಬರುತ್ತೆ, ಕೆಳಗೆ ಯಾವ ಕವಿತೆಯಿಂದ ಹುಟ್ಟಿತು ಎಂಬ ಒಂದು ಸಾಲಿನ ಸಮೇತ.

ಗೆಳೆಯರೇ, ಮುಂದಿನ ಗೋಷ್ಠಿಗೆ ಬರುವಾಗ ನಿಮಗೆ ಇಷ್ಟವಾದ ಒಂದು ಪದ್ಯವನ್ನು ಕೈಯಲ್ಲಿ ಬರೆದುಕೊಂಡು ತನ್ನಿ. ಯಾವ ಭಾಷೆಯದಾದರೂ ಆಗಲಿ. ಅದರ ಮಾತ್ರೆ ಎಣಿಸಿ, ಅದರ ಊರನ್ನು ನಿಮ್ಮ ಊರು ಮಾಡಿ, ಅದರ ಜನರಿಗೆ ನಿಮ್ಮ ಓಣಿಯ ಹೆಸರು ಇಡಿ. ಕವಿಯ ಹೆಸರನ್ನು ಮಾತ್ರ ಮೇಲೆ ಬರೆಯಲು ಮರೆಯಬೇಡಿ. ಎಲ್ಲಿ ಲೆಕ್ಕ ತಪ್ಪುತ್ತದೋ ಅಲ್ಲಿ ಸ್ವಲ್ಪ ನಿಲ್ಲಿ. ಈ ಸಲ ಯಾರೂ ನಗುವುದಿಲ್ಲ, ಅದು ನಮ್ಮ ಜವಾಬ್ದಾರಿ.